ಕ್ಯಾಸೆಟ್ಟಿನ ಕೊನೆ

"ಅವನು ಹಾಡ್ತಾ ಇರ್ಲಿಲ್ಲ ಕಣಪ್ಪ, ಬ್ಯಾಂಡಲ್ಲಿ ಹಿಂದೆ ನಿಂತ್ಕೊಂಡು ಬೇಸ್ ಗಿಟಾರ್ ನುಡಿಸ್ತಿದ್ದ ಅಷ್ಟೆ. ಮನೇಲಿ ಏಳು ರೆಕಾರ್ಡಿದೆ, ಒಂದ್ರಲ್ಲೂ ಅವನ ದನಿ ಇಲ್ಲ."

ಮಿಸೆಸ್ ಆಕ್ರಾಯ್ಡ್ ಹಲ್ ಎಂಬ ಊರಿನಿಂದ ಲಂಡನ್ನಿಗೆ ಬೆಳಗಿನ ರೈಲು ಹಿಡಿದು ಬಂದಿದ್ದರು. ಮಗ ನೆವಿಲ್ ತೀರಿಕೊಂಡು ಆರು ವಾರ. ನಾಲ್ಕು ವರ್ಷದ ಹಿಂದೆ ಅವನನ್ನು ಒಂದು ಮಧ್ಯಾಹ್ನವಿಡೀ ಮಾತಾಡಿಸಿ ಟೇಪ್ ಮಾಡಿಕೊಂಡವನು ಈ ಸಂಗೀತ ಪತ್ರಿಕೆಯ ವರದಿಗಾರ ಕ್ಲೈವ್; ಆ ಟೇಪ್ ಕೇಳಲೆಂದೇ ಅವರು ಬಂದದ್ದು.

ಹಾಡುಗಾರರ ಎರಡು ವರ್ಷದ ದುಡಿಮೆಯನ್ನು ಎರಡೇ ಸಾಲಿನಲ್ಲಿ ಮುಗಿಸಿ ಊಟಕ್ಕೆ ಏಳುತ್ತಿದ್ದ ಗಟ್ಟಿಗರು ಈ ಪತ್ರಿಕೆಯವರು. ಆದರೆ ಆಫೀಸು ಕೊಡುತ್ತಿದ್ದ ಕ್ಯಾಸೆಟ್ಟುಗಳು ಬೆರಳೆಣಿಕೆಯಷ್ಟು. ಲೇಖನ ಅಚ್ಚಾದ ಮೇಲೆ ಅದೇ ಟೇಪಿನ ಮೇಲೆ ಇನ್ನೊಬ್ಬರ ಮಾತು. ಬೇಸ್ ನುಡಿಸುವವರ ಮಾತು ಎಲ್ಲಕ್ಕಿಂತ ಮೊದಲು ಅಳಿಯುತ್ತಿತ್ತು.

ಕ್ಲೈವ್ ಡ್ರಾಯರಿನಿಂದ ಕ್ಯಾಸೆಟ್ಟು ತೆಗೆದ. ನೆವಿಲನ ಹೆಸರಿಗೆ ಕಾಟು ಹೊಡೆದು, ಮೇಲೆ ಒಬ್ಬ ದೊಡ್ಡ ಗಾಯಕನ ಹೆಸರನ್ನು ತಾನೇ ಬರೆದಿದ್ದ. ಮತ್ತೆ ಡ್ರಾಯರಿನಲ್ಲಿ ಕೈಯಾಡಿಸತೊಡಗಿದ.

"ಹುಡುಕಿದ ಹಾಗೆ ನಟಿಸ್ಬೇಡ, ಹೇಳ್ಬಿಡೋ ಪುಕ್ಲ," ಎಂದಳು ಪಕ್ಕದ ಮೇಜಿನ ಬ್ರೆಂಡಾ, ಟೈಪ್‌ರೈಟರಿನಿಂದ ತಲೆಯೆತ್ತದೆ.

"ಅಳಿಸಿಬಿಟ್ಟೆ ಅಮ್ಮಾ."

"ನನ್ನ ಮಗ ಮಾತಾಡಿದ್ದನ್ನಾ?" ಅವರು ಕೈಗವಸು ತೆಗೆದು ಮಡಿಲಲ್ಲಿಟ್ಟುಕೊಂಡರು. "ಇರ್ಲಿ. ಪೂರ್ತಿ ಹಾಕು, ಚೂರಾದ್ರೂ ಉಳಿದಿದ್ಯೇನೋ. ನನ್ನ ರೈಲು ಐದೂವರೆಗೆ."

ದೊಡ್ಡ ಗಾಯಕ ನಲವತ್ತು ನಿಮಿಷ ಬಡಾಯಿ ಕೊಚ್ಚಿದ. ತನ್ನ ಕೋಟು, ತನ್ನ ಕಾರು, ತನ್ನ ಏಕಾಂತ. ಆಕೆ ಚರ್ಚಿನಲ್ಲಿ ಕೂತಂತೆ ಕೂತು ಕೇಳಿದರು. ಕ್ಲೈವ್‌ಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಕೊನೆಗೆ ಕಟ್ ಎಂದು ಸದ್ದಾಯಿತು. ಅದರ ಹಿಂದೆಯೇ, ಅಳಿಯದೆ ಉಳಿದ ತುದಿಯಲ್ಲಿ, ಇನ್ನೊಂದು ದನಿ, ನೆವಿಲನದು.

"...ಟೀ ಆರಿಹೋಯ್ತಲ್ಲ ಮಾರಾಯ. ಇನ್ನೊಂದು ಕಪ್ ಮಾಡ್ಲಾ?"

ಅಷ್ಟೇ. ಟೇಪ್ ಮುಗಿಯಿತು.

ಅಂದು ತಾನು ಆ ಟೀ ಬೇಡವೆಂದದ್ದು ಕ್ಲೈವ್‌ಗೆ ನೆನಪಾಯಿತು. ಇನ್ನೊಬ್ಬರನ್ನು ಕಾಣಲು ಓಡಬೇಕಿತ್ತು. ಎಂಥ ಒಳ್ಳೆಯ ಮನುಷ್ಯ, ಇನ್ನೂ ಅರ್ಧ ಗಂಟೆ ಕೂತಿದ್ದರೆ ಏನು ಗಂಟು ಹೋಗುತ್ತಿತ್ತು? ಆ ಅರ್ಧ ಗಂಟೆ ಈಗ ಬೇಕೆನಿಸಿತು.

"ಹಿಂದಕ್ಕೆ ಹೋಗೋ ಗುಂಡಿ ಯಾವ್ದಪ್ಪ?"

ಅವನು ತೋರಿಸಿದ. ಆಕೆ ತಾವೇ ಒತ್ತಿದರು, ಮತ್ತೆ ಒತ್ತಿದರು. ಬ್ರೆಂಡಾಳ ಟೈಪ್‌ರೈಟರ್ ನಿಂತಿತ್ತು. ಮೂರನೇ ಸಲ ದನಿ ಕೇಳಿದಾಗ ಮಿಸೆಸ್ ಆಕ್ರಾಯ್ಡ್ ಯಂತ್ರದತ್ತ ಬಾಗಿ, ಟೇಪ್ ಮುಗಿಯುವ ಮುಂಚೆ ಮೆಲ್ಲಗೆ ಹೇಳಿದರು:

"ಹೂಂ, ಮಾಡಪ್ಪ."