ಡ್ರಮ್ಮು ತೊಳೆದ ನೀರು

“ಅತ್ತಿಗೆ, ಇದು ಕೊಳ ಅಲ್ಲ, ಹಸಿರು ಬಣ್ಣದ ಡಬ್ಬ. ಮಣ್ಣು ಹಾಕಿ ಮುಚ್ಚಿಬಿಡೋಣ. ಗಿರಾಕಿಗಳ ಗಾಡಿ ನಿಲ್ಲೋಕಾದ್ರೂ ಜಾಗ ಆಗುತ್ತೆ,” ಎಂದಿದ್ದ ಮೈದುನ.

ನರ್ಸರಿಯ ಗಿಡಗಳೆಲ್ಲ ಅವನ ಉಸ್ತುವಾರಿ. ಹಿತ್ತಲಿನ ಸಣ್ಣ ಕೊಳ, ಅದರ ನೈದಿಲೆ ಮಾತ್ರ ಅತ್ತಿಗೆಯದು. ಗಂಡ ತೀರಿಕೊಂಡ ಮೇಲೆ ಅವಳು ಕೈಯಾರೆ ಬೆಳೆಸಿ ಮಾರುತ್ತಿದ್ದದ್ದು ಅದೊಂದನ್ನೇ. ಕೊಳ ಹೋದರೆ ಅವಳಿಗೆ ಉಳಿಯುವುದು ಬಾಗಿಲ ಬಳಿಯ ಕುರ್ಚಿ ಮತ್ತು ‘ಬನ್ನಿ, ನೋಡಿ’ ಎಂಬ ಉಪಚಾರ.

ಪಾಚಿ ಕವಿದು ಎಲೆಗಳು ಕೊಳೆಯುತ್ತಿದ್ದದ್ದು ನಿಜ. ಬಾಚಿ ಬಾಚಿ ಅವಳ ಸೊಂಟ ಬಿದ್ದುಹೋಗಿತ್ತು. ಈ ವರ್ಷ ಮೈದುನ ಗೊಬ್ಬರ ಕಲಸುವ ಡ್ರಮ್ಮು ತೊಳೆದ ನೀರನ್ನು ಪೈಪು ಹಾಕಿ ಕೊಳಕ್ಕೇ ಬಿಟ್ಟಿದ್ದ. ಚರಂಡಿಗೆ ಯಾಕೆ, ನೈದಿಲೆಯೂ ಉಣ್ಣಲಿ ಎಂದು. ಅವಳಿಗೆ ಅದರ ಮೇಲೇ ಅನುಮಾನ. ಮೂರು ಗಾಜಿನ ಜಾಡಿಗಳಲ್ಲಿ ನಲ್ಲಿ ನೀರು ತುಂಬಿ, ಚಿಟಿಕೆ ಪಾಚಿ ಬಿಟ್ಟು, ಎರಡಕ್ಕೆ ಮಾತ್ರ ಆ ಡ್ರಮ್ಮಿನ ನೀರು, ಒಂದಕ್ಕೆ ಚಮಚ, ಇನ್ನೊಂದಕ್ಕೆ ಸೌಟು, ಬೆರೆಸಿ ಕಿಟಕಿಯ ಬಿಸಿಲಿಗಿಟ್ಟಳು.

ಎರಡು ವಾರದ ಮೇಲೆ, ಕೊಳ ಮುಚ್ಚಲು ಮೈದುನ ಹೇಳಿದ್ದ ಮಣ್ಣಿನ ಟ್ರಾಕ್ಟರ್ ಬಂದ ದಿನ, ಅವನನ್ನು ಕಿಟಕಿಯ ಬಳಿ ನಿಲ್ಲಿಸಿದಳು.

“ಇದೇನು, ಶರಬತ್ತಿನ ಅಂಗಡಿ ತೆಗೀತೀರಾ?”

“ಸರಬರಾಜು ನಿಂದೇ ಕಣಪ್ಪ. ಗೊಬ್ಬರ ಹಾಕದೇ ಇರೋದು ನೋಡು, ಆಚೆ ಕಡೆ ಕಾಣೋಷ್ಟು ತಿಳಿ. ಚಮಚ ಹಾಕಿದ್ದು ತೆಳು ಹಸಿರು. ಸೌಟು ಹಾಕಿದ್ದು ನಿನ್ನ ಬಣ್ಣದ ಡಬ್ಬ.”

“ಒಳ್ಳೇದಕ್ಕೇ ಬಿಟ್ಟೆ ಅಲ್ವಾ ಅತ್ತಿಗೆ?”

“ಹೌದು. ಉಂಡಿದ್ದು ಮಾತ್ರ ಪಾಚಿ.”

“ಟ್ರಾಕ್ಟರ್ ಬಂದಾಯ್ತಲ್ಲ. ವಾಪಸ್ ಕಳಿಸಿದ್ರೆ ನಾಲ್ಕು ಜನ ನಗ್ತಾರೆ.”

“ನಗಲಿ, ಹಲ್ಲಿದ್ದೋರು.”

ಅವಳು ಹೋಗಿ ಕೊಳದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಳು.

“ಅಮ್ಮಾ, ಎದ್ದರೆ ಸುರಿದು ಹೋಗ್ತೀನಿ,” ಎಂದ ಡ್ರೈವರ್.

“ಇಲ್ಲಿ ಸುರಿಯೋದಾದ್ರೆ ನನ್ನ ತಲೆ ಮೇಲೇ ಸುರಿ. ಇಲ್ಲಾಂದ್ರೆ ಆ ಗೋಡೆ ಪಕ್ಕ. ಕುಂಡಗಳಿಗೆ ಹೇಗೂ ಮಣ್ಣು ಬೇಕು.”

ಡ್ರೈವರ್ ಮೈದುನನ ಮುಖ ನೋಡಿದ. ಮೈದುನ ತಲೆ ಕೆರೆದುಕೊಂಡ. “ಗೋಡೆ ಪಕ್ಕಾನೇ ಹಾಕಪ್ಪ. ಇವರನ್ನ ಗೆದ್ದೋರು ಯಾರೂ ಇಲ್ಲ.”

“ಗೆಲುವು ಎಲ್ಲಿ ಬಂತು? ನೀರು ತಿಳಿಯಾಗೋಕೆ ಇನ್ನೂ ಎಷ್ಟು ತಿಂಗಳೋ. ಮೊದಲು ಆ ಪೈಪನ್ನ ಗುಲಾಬಿ ಕಡೆ ತಿರುಗಿಸು.”

ಅವನು ಸ್ಪ್ಯಾನರ್ ಹುಡುಕಿ ಹೊರಟ. ಅವಳು ಸೀರೆ ಎತ್ತಿಕಟ್ಟಿ, ಮೊಣಕಾಲುದ್ದದ ಹಸಿರಿಗೆ ಇಳಿದಳು.