ಖಾಲಿ ಹೊಟ್ಟೆಯ ರಕ್ತ

ನರ ಅಲ್ಲೇ ಎಲ್ಲೋ ಇದೆ, ಬೆರಳಿಗೆ ಸಿಕ್ಕಿದಂತೆ ಮಾಡಿ ಜಾರುತ್ತಿದೆ, ಮನೆ ಓನರಮ್ಮನ ತೋಳು ಕಲಸಿಟ್ಟ ಹಿಟ್ಟಿನ ಹಾಗೆ ಮೆತ್ತಗೆ, ರಬ್ಬರ್ ಪಟ್ಟಿ ಬಿಗಿದರೂ ಮೇಲೇಳದು, ಮುಷ್ಟಿ ಹಿಡೀರಿ ಆಂಟಿ, ಇನ್ನೂ ಗಟ್ಟಿಯಾಗಿ, ಮುಷ್ಟಿ ಮುಚ್ಚಿತು, ಬಾಯಿ ಮುಚ್ಚಲಿಲ್ಲ, ಅಲ್ಲ ಕಣೇ, ನಮ್ಮ ಮೇಲಿನ ರೂಮಿನ ಟೀಚರ್ ನಿನ್ನೆ ನಿನ್ನ ಲ್ಯಾಬಿಗೆ ಬಂದಿದ್ದಳಂತೆ, ಏನಂತೆ? ಖಾಲಿ ಹೊಟ್ಟೆಯಲ್ಲಿ ಬಂದವಳಿಗೆ ಎಷ್ಟು ಹುರುಪು. ಏನಂತೆ — ಈ ಊರಿನಲ್ಲಿ ನಮಸ್ಕಾರದ ಬದಲು ಇದನ್ನೇ ಹೇಳುತ್ತಾರೆ. ಎಷ್ಟು ಶಾಂತವಾದ ಊರು ಎಂದು ಹೊರಗಿನಿಂದ ಬಂದವರು ಹೊಗಳುತ್ತಾರೆ, ಶಾಂತವೇ, ಎಲ್ಲರೂ ಉಸಿರು ಬಿಗಿಹಿಡಿದು ಪಕ್ಕದ ಮನೆಗೆ ಕಿವಿ ಕೊಟ್ಟು ಕೂತಿದ್ದರೆ ಇನ್ನೇನಿರುತ್ತದೆ, ಒಂದು ಚಮಚ ಬಿದ್ದರೆ ಯಾವ ಅಡುಗೆಮನೆಯದೆಂದು ಮೂರು ಕಿಟಕಿಗಳಿಗೆ ಗೊತ್ತಾಗುತ್ತದೆ. ಗಂಡನನ್ನು ಬಿಟ್ಟು ಒಂದು ಸೂಟ್‌ಕೇಸಿನೊಂದಿಗೆ ಏಳು ವರ್ಷದ ಹಿಂದೆ ಇಲ್ಲಿ ಬಸ್ಸಿಳಿದ ದಿನ, ಈಗ ಸೂಜಿ ಹಿಡಿದು ನರ ಹುಡುಕುತ್ತಿರುವ ಅವಳು ಇನ್ನೂ ಯಾರ ಬಾಗಿಲನ್ನೂ ತಟ್ಟಿರಲಿಲ್ಲ, ತಲೆನೋವಿನ ಮಾತ್ರೆ ಕೊಡುತ್ತಾ ಔಷಧಿ ಅಂಗಡಿಯವನು ಕೇಳಿದ್ದ, ಹೊಡೀತಿದ್ನಾ, ಬಸ್ಸಿನ ಟೈಮು ಕೇಳಿದಷ್ಟು ಸಲೀಸಾಗಿ. ಹನ್ನೊಂದು ಮನೆಯವರು ಒಂಟಿ ಹೆಂಗಸಿಗೆ ಕೊಡಲ್ಲ ಅಂದ ಮೇಲೆ ಇದೇ ಓನರಮ್ಮ ರೂಮು ಕೊಟ್ಟದ್ದು, ಅದು ಸುಳ್ಳಲ್ಲ, ಒಳಗಿನಿಂದ ಚಿಲಕ ಹಾಕಿಕೊಂಡರೆ ಯಾಕೆ ಹಾಕಿದೆ ಎಂದು ಯಾರೂ ಕೇಳದ ರೂಮು, ಅವಳ ಜೀವನದಲ್ಲಿ ಅಂಥದ್ದು ಅದೊಂದೇ, ಆದರೆ ಕೊಟ್ಟವಳು ದಿನಕ್ಕೊಮ್ಮೆ ಕೊಟ್ಟೆ ಎನ್ನುತ್ತಾಳೆ, ಈಗಲೂ ಅದೇ, ಯಾರೂ ಕೊಡದಿದ್ದಾಗ ಕೊಟ್ಟೆ, ನೀನು ನನ್ನ ಮಗಳಿದ್ದ ಹಾಗೆ, ನನ್ನ ಹತ್ರ ಮುಚ್ಚಿಡ್ತೀಯಾ, ಆ ಟೀಚರ್ ಮದುವೆ ಆಗದ ಹುಡುಗಿ, ಹೆಚ್ಚುಕಡಿಮೆ ಆದರೆ ಹೋಗೋದು ನನ್ನ ಮನೆ ಮರ್ಯಾದೆ ತಾನೆ.

ಸೂಜಿ ನರಕ್ಕೆ ಹೋಯಿತು. ಅವಳ ಕೈ ಅಂಥದ್ದು, ಸಿಟ್ಟು ಬಂದಾಗ ಇನ್ನೂ ಹಗುರವಾಗುತ್ತದೆ, ಕೊಳವೆಯಲ್ಲಿ ರಕ್ತ ಏರುತ್ತಿದೆ, ಮುಷ್ಟಿ ಸಡಿಲ ಬಿಡಿ ಆಂಟಿ, ಟೀಚರದ್ದು ಬರೀ ಥೈರಾಯ್ಡು, ಅಷ್ಟು ಹೇಳಿದರೆ ಮುಗಿಯಿತು, ಆ ಹುಡುಗಿಗೂ ಕಾಟ ತಪ್ಪುತ್ತದೆ, ರೂಮೂ ಉಳಿಯುತ್ತದೆ, ನಾಲಿಗೆಯ ತುದಿಗೆ ಬಂದೇಬಿಟ್ಟಿದೆ, ಆದರೆ ಇವತ್ತು ಟೀಚರದ್ದೇನಿಲ್ಲ ಎಂದು ಬಾಯಿಬಿಟ್ಟರೆ, ನಾಳೆ ನಿಜವಾಗಿಯೂ ಏನಾದರೂ ಇರುವವಳು ಈ ಕುರ್ಚಿಯಲ್ಲಿ ಕೂತು ತೋಳು ಚಾಚಿದಾಗ, ಅವಳ ಬಗ್ಗೆ ಸುಮ್ಮನಿದ್ದರೆ ಆ ಸುಮ್ಮನಿರುವುದೇ ಊರಿಗೆಲ್ಲ ಉತ್ತರ, ಇಲ್ಲ, ಹಾಳಾಗಿ ಹೋಗಲಿ ರೂಮು, ಯಾರದ್ದೂ ಹೇಳಲ್ಲ ಆಂಟಿ, ಒಳ್ಳೆಯದಿದ್ದರೂ ಹೇಳಲ್ಲ. ಓನರಮ್ಮ ಗೋಡೆ ನೋಡುತ್ತಾಳೆ, ತಂಗಿ ಮಗ ಬರ್ತಾನಂತೆ, ತಿಂಗಳ ಕೊನೆಗೆ ನಿನ್ನ ರೂಮು ಬೇಕಾಗತ್ತೆ. ಆಗಲಿ — ಎಷ್ಟು ಬೇಗ ಬಂತು ತನ್ನ ಬಾಯಿಂದ ಆ ಮಾತು, ಹನ್ನೊಂದು ಬಾಗಿಲು ತಟ್ಟಿದ ಕೈ ಇನ್ನೂ ಇಪ್ಪತ್ತು ತಟ್ಟುತ್ತದೆ, ಊರು ಬಿಟ್ಟು ಮಾತ್ರ ಹೋಗುವುದಿಲ್ಲ, ಯಾಕೆ ಹೋಗಬೇಕು, ಇಲ್ಲಿ ಯಾರ ಒಳಗೆ ಏನಿದೆ ಎಂದು ನಿಜವಾಗಿ ಗೊತ್ತಿರುವುದು ಅವಳೊಬ್ಬಳಿಗೆ, ಔಷಧಿ ಅಂಗಡಿಯವನದ್ದೂ ಗೊತ್ತು, ಏಳು ವರ್ಷದಲ್ಲಿ ಒಮ್ಮೆ ತುಟಿ ಪಿಟಕ್ ಎಂದಿಲ್ಲ. ಪಟ್ಟಿ ಬಿಚ್ಚಿದಳು, ಸೂಜಿ ತೆಗೆದು ಹತ್ತಿ ಒತ್ತಿದಳು, ಓನರಮ್ಮನ ದನಿ ಇದ್ದಕ್ಕಿದ್ದಂತೆ ಇಳಿಯುತ್ತದೆ, ನೋಡು, ನನ್ನ ಶುಗರ್ ಎಷ್ಟಿದೆ ಅಂತ ಸೊಸೆಗೆ ಗೊತ್ತಾಗಬಾರದು, ಗೊತ್ತಾದರೆ ಸಿಹಿ ಡಬ್ಬಿಗೆಲ್ಲ ಬೀಗ ಹಾಕ್ತಾಳೆ. ಯಾರಿಗೂ ಹೇಳಲ್ಲ ಆಂಟಿ, ಆಗಿನಿಂದ ಅದನ್ನೇ ತಾನೆ ಹೇಳ್ತಿರೋದು. ಮುಷ್ಟಿ ಬಿಡಿ, ಕೇಳಿಸಿಯೂ ಬಿಡುತ್ತಿಲ್ಲ, ಬಿಗಿದಷ್ಟೂ ರಕ್ತ ಬರುತ್ತೆ, ಬಿಡಿ, ಬಿಳಿಚಿದ ಗೆಣ್ಣುಗಳು, ಒಳಗೆ ಮಡಚಿಕೊಂಡ ಹೆಬ್ಬೆರಳು, ಹತ್ತಿ ಕೆಂಪಾಗುತ್ತಿದೆ, ತನ್ನ ಗುಟ್ಟನ್ನು ಹಿಡಿದಿಟ್ಟುಕೊಂಡಂತೆ ಬಿಚ್ಚದ ಆ ಮುಷ್ಟಿ.