ಅಕ್ಕನ ಕಾರ್ಡಿನಲ್ಲಿದ್ದ ಐದು ಇಂಜೆಕ್ಷನ್

ಆಗಸ್ಟ್ ಹದಿನೇಳು, ಮಧ್ಯಾಹ್ನ. ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಇಪ್ಪತ್ತೆರಡು ಹಾಸಿಗೆ. ಹದಿನಾಲ್ಕನೆಯದರಲ್ಲಿ ಬೈಂಡಿಂಗ್ ಅಂಗಡಿಯ ಹಿರಿಯ ಸೊಸೆ ಜ್ವರದಲ್ಲಿ ಕನವರಿಸುತ್ತಿದ್ದಳು. ಪುಸ್ತಕ ಹೊಲಿಯುವ ಸೂಜಿ ಅಂಗೈಗೆ ಚುಚ್ಚಿ ಮೂರು ದಿನವಾಗಿತ್ತು. ಬಟ್ಟೆಯ ಚೂರು ಸುತ್ತಿಕೊಂಡು ಕೆಲಸ ಮಾಡಿದ್ದಳು. ಈಗ ಮೊಣಕೈಯವರೆಗೂ ಊದಿ ಕೆಂಪಾಗಿತ್ತು.

ಪಕ್ಕದ ಸ್ಟೂಲಿನ ಮೇಲೆ ಅವಳ ವಾರಗಿತ್ತಿ, ಆ ಮನೆಯ ಕಿರಿಯ ಸೊಸೆ, ಕುಳಿತಿದ್ದಳು. ಹಿರಿಯವಳನ್ನು ಅವಳು ಅಕ್ಕ ಎಂದೇ ಕರೆಯುತ್ತಿದ್ದಳು. ಅಕ್ಕನ ಗಂಡ, ಅವಳ ಬಾವ, ಮಂಚದ ಕಾಲಿನ ಬಳಿ ನಿಂತಿದ್ದ.

ನರ್ಸ್ ಕಾರ್ಡಿನ ನಂಬರನ್ನು ಕಂಪ್ಯೂಟರಿಗೆ ಕೊಟ್ಟು ನೋಡಿದಳು.

"ಹೋದ ವರ್ಷ ಎದೆಯ ಸೋಂಕು. ಪೆನಿಸಿಲಿನ್ ಇಂಜೆಕ್ಷನ್ ಐದು ದಿನ ಕೊಟ್ಟಿದಾರೆ, ತೊಂದರೆ ಆಗಿಲ್ಲ. ಡಾಕ್ಟ್ರು ಅದನ್ನೇ ಬರೆದಿದಾರೆ. ಯಾವ ಔಷಧಿಯಾದ್ರೂ ಇವರಿಗೆ ಆಗಿಬರಲ್ವಾ?"

ಬಾವ ಇಲ್ಲವೆಂದು ತಲೆಯಾಡಿಸಿದ. ಕಿರಿಯವಳು ಸ್ಟೂಲಿನ ಅಂಚಿಗೆ ಸರಿದಳು. ಆ ಐದು ಸೂಜಿಗಳೂ ಚುಚ್ಚಿದ್ದು ಅವಳ ತೋಳಿಗೆ.

ಆ ಮನೆಯಲ್ಲಿ ಯಾವ ವಸ್ತುವೂ ಒಬ್ಬರದೆಂದು ಇರಲಿಲ್ಲ. ಕತ್ತರಿ, ದಬ್ಬಳ, ನೂಲಿನ ಉಂಡೆ, ಯಾವುದು ಬೇಕೋ ಎತ್ತಿಕೊಳ್ಳುವುದು, ಕೆಲಸ ಮುಗಿದ ಮೇಲೆ ಮೊಳೆಗೆ ತೂಗುಹಾಕುವುದು ಅಂಗಡಿಯ ರೂಢಿ. ಉಚಿತ ಚಿಕಿತ್ಸೆಯ ಕಾರ್ಡೂ ಅದೇ ಮೊಳೆಯಲ್ಲಿತ್ತು. ಗೋಂದು ತಾಗಿ ತಾಗಿ ಅದರ ಫೋಟೊ ಯಾರ ಮುಖವಾದರೂ ಆಗಬಹುದಿತ್ತು. ಕಿರಿಯವಳಿಗೆ ಅಲ್ಲಿ ಬೇರೆ ಕಾರ್ಡಿರಲಿಲ್ಲ. ಹೊಸದು ಮಾಡಿಸಲು ತವರಿನ ಕಾರ್ಡಿನಿಂದ ಹೆಸರು ತೆಗೆಸಿದರೆ ಅಮ್ಮನ ಪಿಂಚಣಿ ನಿಂತುಹೋಗುತ್ತದೆಂದು ಯಾರೋ ಹೆದರಿಸಿದ್ದರು. ಹೋದ ವರ್ಷ ಅವಳು ಕೆಮ್ಮಿ ಕೆಮ್ಮಿ ನೆಲ ಹಿಡಿದಾಗ ಅಕ್ಕನೇ ಕಾರ್ಡನ್ನು ಕೈಗಿಟ್ಟು ನಕ್ಕಿದ್ದಳು: "ವಾಸಿ ಆಗೋವರೆಗೂ ನೀನೇ ನಾನು. ಗಂಡನ್ನ ಮಾತ್ರ ಕೊಡಲ್ಲ, ನೋಡು."

ನರ್ಸ್ ಔಷಧಿಯನ್ನು ಸಿರಿಂಜಿಗೆ ಎಳೆಯತೊಡಗಿದಳು. ಕಿರಿಯವಳು ಬಾವನ ಮುಖ ನೋಡಿದಳು. ಅವನು ಬಗ್ಗಿ ಪಿಸುಗುಟ್ಟಿದ.

"ಸುಮ್ನಿರಮ್ಮ. ಬಾಯಿ ಬಿಟ್ರೆ ಕಾರ್ಡು ಕಿತ್ಕೋತಾರೆ. ಇವಳನ್ನ ಈ ಸ್ಥಿತೀಲಿ ಎಲ್ಲಿಗೆ ಹೊತ್ಕೊಂಡು ಹೋಗಲಿ?"

"ಅಕ್ಕನಿಗೆ ಅದು ಆಗಿಬರುತ್ತೆ ಅಂತ ನಿಮಗೆ ಗೊತ್ತಾ ಬಾವ?"

"ನಿನಗಾಯ್ತಲ್ಲ. ಇವಳಿಗೂ ಆಗುತ್ತೆ."

ಹೇಳಿದರೆ ಹೊರಗೆ ಹಾಕಿಯಾರೆಂಬ ಭಯ. ಹೇಳದಿದ್ದರೆ ಏನಾದೀತೆಂಬುದನ್ನು ಅವಳು ಪೂರ್ತಿ ಯೋಚಿಸಲಾರದೆ ಹೋದಳು. ನರ್ಸ್ ಹತ್ತಿಯಿಂದ ಅಕ್ಕನ ತೋಳು ಒರೆಸಿದಳು. ಆಗ ಕಿರಿಯವಳು ನರ್ಸಿನ ಮಣಿಕಟ್ಟನ್ನು ಹಿಡಿದುಕೊಂಡಳು.

"ತಡೀರಿ ಸಿಸ್ಟರ್. ಆ ಐದೂ ತಗೊಂಡಿದ್ದು ನಾನು."

ನರ್ಸ್ ಗದರಲಿಲ್ಲ. ಸಿರಿಂಜನ್ನು ಟ್ರೇಯಲ್ಲಿಟ್ಟು, ರೋಗಿಯ ಬಾಲ್ಯ ಬಲ್ಲವರು ಯಾರಿದ್ದಾರೆಂದು ಕೇಳಿದಳು. ಬಾವ ಅಕ್ಕನ ತಾಯಿಗೆ ಫೋನ್ ಮಾಡಿದ. ಮುದುಕಿಗೆ ಎಲ್ಲ ನೆನಪಿತ್ತು. ಮಗಳಿಗೆ ಒಂಬತ್ತು ವರ್ಷವಿದ್ದಾಗ ಗಂಟಲುನೋವಿಗೆ ಪೆನಿಸಿಲಿನ್ ಚುಚ್ಚಿದ್ದರು. ನಿಮಿಷದೊಳಗೆ ತುಟಿ, ಕಣ್ಣು ಊದಿ ಉಸಿರು ಸಿಕ್ಕಿಕೊಂಡಿತ್ತು. ಇನ್ನೆಂದೂ ಅದನ್ನು ಕೊಡಿಸಬೇಡಿ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಮನೆ ಬದಲಿಸುವಾಗ ಕಳೆದಿತ್ತು.

ಬಾವ ಫೋನನ್ನು ನರ್ಸಿನ ಕೈಗೇ ಕೊಟ್ಟ.

ಡಾಕ್ಟರು ಬಂದು ಔಷಧಿ ಬದಲಿಸಿದರು. ಆಮೇಲೆ ನರ್ಸ್ ಹೇಳಿದಳು: "ಈ ಕಾರ್ಡಿನ ದಾಖಲೇಲಿ ಬರೆದಿರೋದನ್ನ ನಂಬಿಕೊಂಡೇ ನಾವು ಸೂಜಿ ಎತ್ತೋದು. ನೀವು ಸುಮ್ನಿದ್ದಿದ್ರೆ ನನ್ನ ಕೈಯಿಂದಲೇ ಆಗಿಹೋಗ್ತಿತ್ತು." ಕಾರ್ಡು ಹೋಗುತ್ತದೆಯೇ ಎಂದು ಬಾವ ಕೇಳಿದ. ಜೀವಕ್ಕೆ ಅಪಾಯವಿರುವವರನ್ನು ಇಲ್ಲಿಂದ ಯಾರೂ ಹೊರಗೆ ಹಾಕುವುದಿಲ್ಲ, ಆದರೆ ಆದ ತಪ್ಪನ್ನು ಬರೆದುಕೊಡಬೇಕು ಎಂದಳು.

ಆಸ್ಪತ್ರೆಯ ಸಹಾಯ ಕೇಂದ್ರದ ಗುಮಾಸ್ತ, ಪಿಂಚಣಿಯ ಭಯವನ್ನೂ ಸೇರಿಸಿ ಅವರು ಬರೆದುಕೊಟ್ಟದ್ದನ್ನು ಓದಿ, ಕಿರಿಯವಳನ್ನು ಕನ್ನಡಕದ ಮೇಲಿಂದ ನೋಡಿದ. ತಾಯಿಯ ಪಿಂಚಣಿ ತಾಯಿಯ ಹೆಸರಿನಲ್ಲಿದೆ, ಮಗಳ ಕಾರ್ಡಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ವಿವರಿಸಿದ. "ಹೆದರಿಸಿದವರನ್ನ ನಂಬಿದ್ರಿ. ಇಲ್ಲಿ ಬಂದು ಒಂದು ಮಾತು ಕೇಳಲಿಲ್ಲ," ಎಂದ. ಅವಳಿಗೆ ಹೊಸ ಕಾರ್ಡು ಬರೆಸಿದ. ಹೋದ ವರ್ಷದ ಚಿಕಿತ್ಸೆಯ ವೆಚ್ಚವನ್ನು ಹನ್ನೆರಡು ಕಂತಿನಲ್ಲಿ ಹಿಂತಿರುಗಿಸಬೇಕೆಂದು ತೀರ್ಮಾನವಾಯಿತು.

ಅಕ್ಕ ಎದ್ದು ಕುಳಿತದ್ದು ಆರನೆಯ ದಿನ. ಎಲ್ಲ ಕೇಳಿ ಕಿರಿಯವಳ ಕೈ ಹಿಡಿದುಕೊಂಡಳು. ಆಮೇಲೆ, "ಪ್ರೀತಿಯಿಂದ ಕೊಟ್ಟಿದ್ದು ಕಣೇ. ನನಗೇ ಯಮನಾಗಿ ಬಂದಿತ್ತಲ್ಲ," ಎಂದಳು.

ಓದುವವರೇ, ಕೇಳುವವರೇ, ನಿಮ್ಮ ಆರೋಗ್ಯ ಕಾರ್ಡನ್ನು ಒಡಹುಟ್ಟಿದವರಿಗೂ ಕೊಡಬೇಡಿ. ಅವರಿಗಿಲ್ಲದಿದ್ದರೆ ಈ ವಾರವೇ ಜೊತೆಗೆ ಹೋಗಿ ಮಾಡಿಸಿಕೊಡಿ. ನಿಮಗೆ ಆಗಿಬರದ ಔಷಧಿಯ ಹೆಸರನ್ನು ಮನೆಯವರಿಗೆಲ್ಲ ತಿಳಿಸಿ, ದಾಖಲೆಯಲ್ಲೂ ಬರೆಸಿ. ಈಗಾಗಲೇ ಕಾರ್ಡು ಕೈ ಬದಲಿಸಿದ್ದರೆ ಇಂದೇ ಹೋಗಿ ನಿಜ ಹೇಳಿ.

ಆ ಮನೆಯವರು ನಾಲ್ಕು ಕಂತು ಕಟ್ಟಿದ್ದಾರೆ. ಎಂಟು ಬಾಕಿ ಇದೆ. ಅದು ತೀರಿಸಬಹುದಾದ ಸಾಲ.